ಒಲೆ ಹೊತ್ತ ಕಾರು

ನಮ್ಮ ಮೊಮ್ಮಗ ಒಂದು ಹಳೆಯ ಕಾರು ಕೊಳ್ಳಬೇಕೆಂದು ಹೊರಟಿದ್ದಾನೆ. ಡೀಸೆಲ್ಲಿನದೋ ಪೆಟ್ರೋಲಿನದೋ ಎಂಬುದು ತೀರ್ಮಾನವಾಗದೆ ಮೂರು ವಾರದಿಂದ ನಮ್ಮ ಜಗಲಿಯ ಮೇಲೆ ಪಂಚಾಯಿತಿ ನಡೆಯುತ್ತಿದೆ. ಡೀಸೆಲ್ ಆದರೆ ಖರ್ಚು ಕಡಿಮೆ, ಸದ್ದು ಜಾಸ್ತಿ. ಪೆಟ್ರೋಲ್ ಆದರೆ ಸದ್ದಿಲ್ಲ, ಆದರೆ ಕುಡಿಯುತ್ತದಂತೆ. ಅವನು ಕೇಳದ ಜನವಿಲ್ಲ. ಗ್ಯಾರೇಜಿನವನನ್ನು ಕೇಳಿದ, ಷಡ್ಡಕನನ್ನು ಕೇಳಿದ, ಬೆಳಿಗ್ಗೆ ಹಾಲು ಹಾಕುವವನನ್ನೂ ನಿಲ್ಲಿಸಿಕೊಂಡು ಕೇಳಿದ. ಅವನೂ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಗಲ್ಲ ಕೆರೆದುಕೊಂಡು, ಘನವಾಗಿ ಯೋಚಿಸಿ, ಡೀಸೆಲ್ಲೇ ವಾಸಿ ಎಂದು ತೀರ್ಪು ಕೊಟ್ಟು ಹೋದ. ನಾನು ಅಲ್ಲೇ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದೆ.

“ನನ್ನನ್ನೂ ಒಂದು ಮಾತು ಕೇಳಬಾರದೇನೋ?” ಅಂದೆ.

“ಅಜ್ಜೀ, ಇಂಜಿನ್ ವಿಷಯ ನಿಂಗೇನ್ ಗೊತ್ತಾಗುತ್ತೆ? ನೀನು ಕಾಯಿ ಸುಲಿ” ಅಂದ.

ನನಗೆ ರೇಗಿತು. ಇಪ್ಪತ್ತೊಂಬತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವಳು ನಾನು, ‘ನಿಂಗೇನ್ ಗೊತ್ತಾಗುತ್ತೆ’ ಎಂದು ಕೇಳುವ ಅಧಿಕಾರ ಯಾವತ್ತೂ ನನ್ನದೇ. ಎದ್ದು ಒಳಗೆ ಹೋಗಿ, ಅಡುಗೆಮನೆಯ ಮೂಲೆಯಿಂದ ನಮ್ಮ ಅತ್ತೆಯ ಕಾಲದ ಊದುಗೊಳವೆ ತಂದು ಅವನ ಮುಂದೆ ಇಟ್ಟೆ. “ಇದೇನಜ್ಜಿ?” ಅಂದ. “ಕಾರಿನ ಸಾಮಾನು ಕಣೋ” ಅಂದೆ. ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿಗೆ ಅರಳು ಮರಳು ಶುರುವಾಯಿತು ಎಂಬ ನೋಟ ಅದು. ಅವರಿಗೆ ಹೇಳಿ ಪ್ರಯೋಜನವಿಲ್ಲ. ನಿಮಗೆ ಹೇಳುತ್ತೇನೆ, ನಿಮಗೆ ಕಾರು ಕೊಳ್ಳುವ ಅವಸರವೇನೂ ಇದ್ದಂತಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಚಿಕ್ಕಂದಿನಿಂದಲೂ ಪೆಟ್ರೋಲಿನ ಮೇಲೆ ಮೋಹ. ಕಾರಿನ ಮೇಲಲ್ಲ, ಪೆಟ್ರೋಲಿನ ವಾಸನೆಯ ಮೇಲೆ. ನಾನು ಹುಟ್ಟಿ ಬೆಳೆದದ್ದು ಕೊರಟಗೆರೆಯಲ್ಲಿ. ಮಹಾರಾಜರ ಕಾಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ಯಾರಾದರೂ ದೊಡ್ಡ ಅಧಿಕಾರಿಯ ಕಾರು ನಮ್ಮ ಬೀದಿಗೆ ಬಂದರೆ, ಗಂಡುಹುಡುಗರು ಹಾರನ್ ಒತ್ತಲು ಓಡುತ್ತಿದ್ದರು, ನಾವು ಹುಡುಗಿಯರು ಹಿಂದೆ ನಿಂತು ಮೂಗರಳಿಸಿ ಉಸಿರೆಳೆಯುತ್ತಿದ್ದೆವು. ಸಾಹುಕಾರರು ಅತ್ತರು ಪೂಸಿಕೊಳ್ಳುವ ಹಾಗೆ ಕಾರಿಗೂ ಏನೋ ಪೂಸಿದ್ದಾರೆಂದು ನನ್ನ ನಂಬಿಕೆ. ಒಂದು ಸಲ ಡ್ರೈವರನ್ನು ಕಾಡಿ ಬೇಡಿ ಕರವಸ್ತ್ರಕ್ಕೆ ಎರಡು ತೊಟ್ಟು ಹಾಕಿಸಿಕೊಂಡು ಬಂದು, ಹಬ್ಬದ ಲಂಗದ ಮಡಿಕೆಯೊಳಗೆ ಬಚ್ಚಿಟ್ಟೆ. ಹಬ್ಬದ ದಿನ ಅಮ್ಮ ಪೆಟ್ಟಿಗೆ ತೆಗೆದವಳೇ “ಅಯ್ಯೋ ಶಿವನೇ, ಪೆಟ್ಟಿಗೆಗೆ ಯಾರೇ ತಗಣೆ ಔಷಧಿ ಹೊಡೆದೋರು?” ಎಂದು ಕೂಗಿದಳು. ಆ ಗೌರಿಹಬ್ಬವನ್ನು ನಾನು ಹಳೇ ಲಂಗದಲ್ಲೇ ಕಳೆದೆ.

ಇರಲಿ, ಕಾರಿನ ವಿಷಯಕ್ಕೆ ಬರುತ್ತೇನೆ. ನಮ್ಮ ತಂದೆ ಶಾಲೆಯ ಮೇಷ್ಟ್ರು, ನನ್ನನ್ನು ಓದಿಸಿ, ಮೇಷ್ಟ್ರ ಟ್ರೈನಿಂಗೂ ಮಾಡಿಸಿದರು. ಆಮೇಲೆ ಮಧುಗಿರಿಗೆ ಕೊಟ್ಟು ಮದುವೆ ಮಾಡಿದರು. ನಮ್ಮ ಮಾವನವರದು ಕಡಲೆಕಾಯಿ ಮಂಡಿ. ಹೆಸರು ರುದ್ರಪ್ಪ, ಊರಲ್ಲಿ ಬೆನ್ನ ಹಿಂದಿನ ಹೆಸರು ಬಗ್ಗದ ರುದ್ರಪ್ಪ. ಹೆಸರಿಗೊಂದು ಕಾರಣವಿತ್ತು. ನಮ್ಮ ಕಡೆಯ ಹಳೇ ಮನೆಗಳ ತಲೆಬಾಗಿಲು ಗಿಡ್ಡ. ಒಳಗೆ ಹೋಗುವವನು ತಲೆ ತಗ್ಗಿಸಿಯೇ ಹೋಗಬೇಕು. ಮಾವನವರು ಯಜಮಾನಿಕೆ ವಹಿಸಿಕೊಂಡ ವರ್ಷವೇ ಆಚಾರಿಯನ್ನು ಕರೆಸಿ, “ನನ್ನ ಮನೆಗೆ ನಾನೇ ಯಾಕ್ಲಾ ಬಗ್ಗಿ ಹೋಗ್ಬೇಕು?” ಎಂದು ಬಾಗಿಲನ್ನು ಒಂದು ಮೊಳ ಎತ್ತರಿಸಿಬಿಟ್ಟರಂತೆ. ಕೆಟ್ಟವರಲ್ಲ ಪಾಪ. ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿ ಜಗಲಿಗೆ ಬಂದರೆಂದರೆ ಹಸಿದವರಿಗೆಲ್ಲ ಊಟವಾಗುತ್ತಿತ್ತು. ಆದರೆ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡವರಲ್ಲ. ಸೊಸೆಯಂದಿರು ಅವರೆದುರು ನಿಂತು ಮಾತಾಡುವುದೂ ಇರಲಿಲ್ಲ. ಏನಿದ್ದರೂ ಬಾಗಿಲ ಸಂದಿಯಲ್ಲಿ ನಿಂತು, ಅತ್ತೆಯ ಮೂಲಕ.

ಮದುವೆಯಾದ ಎರಡನೆಯ ವರ್ಷ, ದೊಡ್ಡ ಯುದ್ಧ ನಡೆಯುತ್ತಿದ್ದಾಗ, ನನಗೊಂದು ಕಾಗದ ಬಂತು. ಪಾವಗಡದ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ಮೇಡಮ್ಮನಾಗಿ ನೇಮಿಸಿದೆ, ಒಂದು ತಿಂಗಳೊಳಗೆ ಬಂದು ಸೇರಿಕೊಳ್ಳದಿದ್ದರೆ ಬೇರೆಯವರಿಗೆ ಕೊಡಲಾಗುವುದು ಎಂದು. ಮದುವೆಗೆ ಮುಂಚೆ ಹಾಕಿದ್ದ ಅರ್ಜಿ, ನಾನು ಮರೆತೇಬಿಟ್ಟಿದ್ದೆ. ನಮ್ಮತ್ತೆ ಬಸಮ್ಮನವರಿಗೆ ಓದು ಬರುತ್ತಿರಲಿಲ್ಲ. ಒಲೆಯ ಮುಂದೆ ಕೂರಿಸಿಕೊಂಡು ಆ ಕಾಗದವನ್ನು ನನ್ನ ಕೈಲಿ ಮೂರು ಸಲ ಓದಿಸಿದರು. ಮೂರನೆಯ ಸಲ, “ನಿನ್ನ ಹೆಸರು ಎಲ್ಲೈತೆ ತೋರ್ಸು” ಅಂದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಸವರಿ, “ಇಷ್ಟ್ ದೊಡ್ಡ ಸರ್ಕಾರ, ಪಾರ್ವತಿ ಅಂತ ಬರ್ದೈತಲ್ಲೇ” ಅಂದರು. ಅವರ ಕಣ್ಣು ತುಂಬಿತ್ತು. ಹೊಗೆ ಅಂತ ಸೆರಗಿನಿಂದ ಒರೆಸಿಕೊಂಡರು. ಆ ಗಳಿಗೆಯಲ್ಲಿ ನನಗೆ ಆ ಕೆಲಸ ಬೇಕೇ ಬೇಕು ಅನ್ನಿಸಿತು, ಹೊಟ್ಟೆಯೊಳಗೆ ಹಸಿವಾದ ಹಾಗೆ ಅನ್ನಿಸಿತು.

ಮಾವನವರು ಎರಡು ದಿನ ಯೋಚಿಸಿದರು. ಪಾವಗಡದಲ್ಲಿ ನನ್ನ ದೊಡ್ಡಮ್ಮನ ಮನೆ ಇದ್ದದ್ದರಿಂದ ಇರುವುದಕ್ಕೆ ತೊಂದರೆಯಿರಲಿಲ್ಲ. ಕೊನೆಗೆ ಜಗಲಿಯಿಂದಲೇ ಹೇಳಿಕಳಿಸಿದರು: “ಹೋಗ್ಲಿ. ಆದ್ರೆ ಸೋಮವಾರ ಹೋದೋಳು ಶನಿವಾರ ದೀಪ ಹಚ್ಚೋ ಹೊತ್ಗೆ ಮನೇಲಿರ್ಬೇಕು. ಒಂದು ಶನಿವಾರ ತಪ್ಪಿದ್ರೆ ಅಲ್ಲಿಗೆ ಕೆಲಸ ಮುಗೀತು. ಹೆಂಗೂ ಮಂಡಿಗೆ ಒಂದು ಹಳೇ ಕಾರು ತಗೋತೀವಲ್ಲ, ಅದ್ರಲ್ಲೇ ಬಂದು ಹೋಗ್ಲಿ.”

ಬಸ್ಸನ್ನು ನಂಬುವ ಹಾಗಿರಲಿಲ್ಲ. ಯುದ್ಧದಿಂದ ಪೆಟ್ರೋಲಿಗೂ ರೇಷನ್ ಬಂದು, ಪಾವಗಡದ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನನ್ನ ಮೇಷ್ಟ್ರಗಿರಿ ಪೂರಾ ಆ ಬರಲಿರುವ ಕಾರಿನ ಮೇಲೆ ನಿಂತಿತು. ಕಾರು ತರುತ್ತಿದ್ದವರು ಶಿರಾದ ಬುಡೇನ್ ಸಾಹೇಬರು. ಹಳೇ ಗಾಡಿಗಳನ್ನು ಕೊಂಡು ರಿಪೇರಿ ಮಾಡಿ ಮಾರುವವರು. ಅವರ ಹತ್ತಿರ ಎರಡಿದ್ದವು. ಒಂದು ಪೆಟ್ರೋಲಿನದು, ಇನ್ನೊಂದು ಇದ್ದಿಲಿನದು. ಇದ್ದಿಲಿನ ಕಾರು ಅಂದರೆ ಈಗಿನವರು ನಗಬಹುದು. ಕಾರಿನ ಹಿಂದೆ ನೀರೊಲೆಯ ಹಂಡೆಯಷ್ಟು ದೊಡ್ಡ ಕಬ್ಬಿಣದ ಡ್ರಮ್ಮು. ಅದರ ತುಂಬ ಇದ್ದಿಲು ಸುರಿದು, ಕೆಳಗಿನ ಕಿಂಡಿಯಲ್ಲಿ ಬೆಂಕಿ ಹೊತ್ತಿಸಿ, ಕೈಯಿಂದ ತಿರುಗಿಸುವ ಫ್ಯಾನಿನಲ್ಲಿ ಗಾಳಿ ಹಾಕಬೇಕು. ಕೆಂಡವಾದ ಮೇಲೆ ಅದರಿಂದ ಒಂದು ಥರ ಗ್ಯಾಸು ಹುಟ್ಟಿ, ಕೊಳವೆಯಲ್ಲಿ ಇಂಜಿನ್ನಿಗೆ ಹೋಗಿ ಕಾರು ಓಡುತ್ತದೆ. ಪೆಟ್ರೋಲು ಸಿಗದ ಆ ದಿನಗಳಲ್ಲಿ ಎಷ್ಟೋ ಬಸ್ಸುಗಳು ಹೀಗೆ ಒಲೆ ಹೊತ್ತುಕೊಂಡೇ ಓಡಾಡಿದವು.

ನಮ್ಮವರಿಗೆ ಪೆಟ್ರೋಲಿನದೇ ಆಗಬೇಕು. ನಮ್ಮವರು ಅಂದರೆ ನನ್ನ ಗಂಡ. ಹೆಸರು ಹೇಳಿ ಅಭ್ಯಾಸವಿಲ್ಲ, ಈಗ ಹೇಳಿದರೆ ಅವರೇ ಫೋಟೋದಿಂದ ಎದ್ದು ಬಂದಾರು. ಮಾವನವರಿಗೂ ಪೆಟ್ರೋಲಿನದೇ ಮನಸ್ಸು: “ಮಂಡಿ ರುದ್ರಪ್ಪ ಹೊಗೆ ಬುಟ್ಕೊಂಡು ಹೋದ ಅಂತ ಆಡ್ಕೊಳಲ್ವಾ ಜನ?” ನನಗಂತೂ ಆ ವಾಸನೆ ನೆನೆದರೇ ಬಾಯಲ್ಲಿ ನೀರೂರುತ್ತಿತ್ತು. ನಾನೂ ಎರಡು ದಿನ ಪೆಟ್ರೋಲ್ ಪೆಟ್ರೋಲ್ ಎಂದು ಕನಸು ಕಂಡೆ. ಮೂರನೆಯ ದಿನ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ನನಗೆ ಹೊಳೆಯಿತು. ಪೆಟ್ರೋಲಿಗೆ ಚೀಟಿ ಬೇಕು. ಒಂದು ಕಾರಿಗೆ ತಿಂಗಳಿಗೆ ಕೊಡುವ ರೇಷನ್ ಚೀಟಿಯಲ್ಲಿ ಮಾವನವರು ಶಿರಾ ಸಂತೆಗೂ ಕೊರಟಗೆರೆ ಸಂತೆಗೂ ಹೋಗಿ ಬಂದರೆ, ಪಾವಗಡಕ್ಕೆ ಒಂದು ಸಲಕ್ಕಾಗುವಷ್ಟು ಉಳಿದರೆ ಹೆಚ್ಚು. ತಿಂಗಳಿಗೆ ಶನಿವಾರ ನಾಲ್ಕು. ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು.

“ಅತ್ತೆಮ್ಮ, ಪೆಟ್ರೋಲ್ ಕಾರು ಬಂದ್ರೆ ನನ್ನ ಕೆಲಸ ಹೋಯ್ತು” ಅಂದೆ. ಲೆಕ್ಕ ಬಿಡಿಸಿ ಹೇಳಿದೆ.

“ಇದ್ಲಿಗೆ ಚೀಟಿ ಬೇಡ್ವಾ?”

“ಬೇಡ. ಪಾವಗಡದ ಕಡೆ ಜಾಲಿ ಇದ್ಲು ಎಷ್ಟು ಬೇಕಾದ್ರೂ ಸಿಗುತ್ತೆ.”

ಅತ್ತೆ ಸೀದ ರೊಟ್ಟಿಯನ್ನು ಮಗುಚಿದರು. “ನಿಮ್ಮಾವುಂಗೆ ಹೇಳಿದ್ರೆ ಎದುರು ಮಾತು ಅಂತಾರೆ. ಕಾರು ಬರ್ಲಿ, ನೋಡಾನ” ಅಂದರು. ನನಗೆ ಆ ‘ನೋಡಾನ’ದಲ್ಲಿ ಏನೂ ಭರವಸೆ ಕಾಣಲಿಲ್ಲ. ಕಾರಿನ ಮಾತುಕತೆಯಲ್ಲೇ ವಾರಗಳು ಕಳೆದು, ಕಾಗದದಲ್ಲಿದ್ದ ಗಡುವಿಗೆ ಆಗ ಉಳಿದದ್ದು ಒಂದೇ ವಾರ.

ಕಾರುಗಳು ಬಂದವು. ಬುಡೇನ್ ಸಾಹೇಬರು ಪೆಟ್ರೋಲ್ ಕಾರನ್ನು ತಾವೇ ಓಡಿಸಿಕೊಂಡು ಬಂದರು. ಹಿಂದೆ ಇದ್ದಿಲಿನದನ್ನು ತಂದವನು ಓಬುಳೇಸು, ಪಾವಗಡದಾಚೆ ಬಲಸಮುದ್ರದ ತೆಲುಗಿನವನು, ಆ ಗಾಡಿಗೆ ಹೊಸಬ. ಪೆಟ್ರೋಲಿನದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಸಾಹೇಬರು ಅದರ ಬಾನೆಟ್ಟು ತಟ್ಟಿ, “ಯಜಮಾನ್ರೇ, ಬಿಲ್‌ಕುಲ್ ಮದುವೆ ಗಂಡು! ಕೈ ಹಾಕಿದ್ರೆ ಸ್ಟಾರ್ಟು” ಅಂದರು. ಅದೂ ಕೈ ಹಾಕಿದ ಕೂಡಲೇ ಗುರ್ರೆಂದು, ಮೂರು ಸುತ್ತು ಬೀದಿ ಸುತ್ತಿ, ಸದ್ದಿಲ್ಲದೆ ಬಂದು ನಿಂತಿತು. ಬಾಗಿಲ ಸಂದಿಯಲ್ಲಿದ್ದ ನನ್ನ ಮೂಗಿಗೆ ಆ ವಾಸನೆ ಬಂತು. ಜೀವನದಲ್ಲಿ ಮೊದಲನೇ ಸಲ ಅದು ನನಗೆ ತಗಣೆ ಔಷಧಿಯ ಹಾಗೇ ನಾತ ಹೊಡೆಯಿತು.

ಆಮೇಲೆ ಎಲ್ಲರೂ ಊಟ ಮಾಡಿದರು. ಊಟ, ಎಲೆಅಡಿಕೆ, ಯುದ್ಧದ ಸುದ್ದಿ ಎಲ್ಲ ಮುಗಿಯುವಷ್ಟರಲ್ಲಿ ಇದ್ದಿಲಿನ ಕಾರು ತಣ್ಣಗಾಗಿತ್ತು. ಓಬುಳೇಸು ಫ್ಯಾನು ತಿರುಗಿಸಿದ. ನಮ್ಮವರು ತಿರುಗಿಸಿದರು. ಮಂಡಿಯ ಹಮಾಲಿಗಳು ಸರದಿಯ ಮೇಲೆ ತಿರುಗಿಸಿದರು. ಬೀದಿ ತುಂಬ ಹೊಗೆಯಾಯಿತೇ ಹೊರತು ಕಾರು ಕೆಮ್ಮಲೂ ಇಲ್ಲ. ನಾನು ಬಾಗಿಲು ಹಿಡಿದುಕೊಂಡು, ಶಿವನೇ ಹೊತ್ತಲಪ್ಪ, ಶಿವನೇ ಹೊತ್ತಲಪ್ಪ ಎಂದು ಜಪ ಮಾಡುತ್ತಿದ್ದೆ. ಆ ಹಂಡೆ ಸಿಡಿಯುತ್ತದಂತೆ ಎಂದು ಯಾರೋ ಮಾವನವರ ಕಿವಿ ಊದಿದ್ದರು. ಅವರು ರುಮಾಲು ಸರಿಮಾಡಿಕೊಳ್ಳುತ್ತಾ ಅನುಮಾನದಿಂದಲೇ ಅದರ ಹತ್ತಿರ ಬಂದು ನಿಂತರು. ಅಷ್ಟರಲ್ಲಿ ಓಬುಳೇಸು ಹಂಡೆಯ ಮುಚ್ಚಳ ಎತ್ತಿ, ಒಳಗೆ ಬಗ್ಗಿ ನೋಡಿ, ಅವಸರದಲ್ಲಿ ಕೂಗಿದ:

“ಬೊಗ್ಗು! ಬೊಗ್ಗು! ಬೇಗ!”

ಬಗ್ಗು ಎಂದು ಕೇಳಿತು ಮಾವನವರಿಗೆ. ಹಂಡೆ ಸಿಡಿಯಿತೆಂದೇ ತಿಳಿದು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ದಢಕ್ಕನೆ ನೆಲಮಟ್ಟಕ್ಕೆ ಬಗ್ಗಿಬಿಟ್ಟರು. ರುಮಾಲು ಬಿಚ್ಚಿಕೊಂಡು ಧೂಳಿನಲ್ಲಿ ಉರುಳಿತು. ಯಾವ ತಲೆಬಾಗಿಲಿಗೂ ಬಗ್ಗದ ರುದ್ರಪ್ಪ, ಮಧುಗಿರಿಯ ನಟ್ಟನಡು ಬೀದಿಯಲ್ಲಿ, ಒಂದು ತಣ್ಣಗಿನ ಒಲೆಯ ಮುಂದೆ.

“ಅಯ್ಯಯ್ಯೋ, ಬಗ್ಗೋದು ಕಾದು, ಬಗ್ಗೋದಲ್ಲ ಸ್ವಾಮಿ!” ಓಬುಳೇಸು ನಡುಗಿಹೋದ. “ಬೊಗ್ಗು ಅಂಟೆ ಇದ್ಲು! ಇದ್ಲು ಬೇಕು ಅಂದೆ! ಮಾ ಕಡೆ ಅಂಗೇ ಅನ್ನೋದು!”

ಯಾರೂ ನಗಲಿಲ್ಲ. ಹಮಾಲಿಗಳು ಆಕಾಶ ನೋಡಿದರು, ಸಾಹೇಬರು ತಮ್ಮ ಗಡ್ಡ ನೋಡಿಕೊಂಡರು. ಆಗ ಬಾಗಿಲ ಸಂದಿಯಿಂದ ಕಿಲಕಿಲ ಎಂದು ಒಂದು ನಗು ಬಂತು. ನಾನಲ್ಲ ಮಾರಾಯರೇ, ನಮ್ಮತ್ತೆ. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ನಗುತ್ತಾ ನಗುತ್ತಲೇ ಹೊಸಿಲು ದಾಟಿ ಬೀದಿಗಿಳಿದು, ಬಿದ್ದ ರುಮಾಲು ಎತ್ತಿ ಕೊಡವಿ ಗಂಡನ ಕೈಗೆ ಕೊಟ್ಟರು. ಆಮೇಲೆ ಸೀದಾ ಕಾರಿನ ಹಿಂದಕ್ಕೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಆ ಹಂಡೆಯನ್ನು ಮೇಲಿಂದ ಕೆಳಗೆ ನೋಡಿದರು.

“ಬೂದಿ ಯಾವಾಗ ತೆಗ್ದಿದ್ದು?”

ಓಬುಳೇಸು ಸಾಹೇಬರ ಮುಖ ನೋಡಿದ. ಸಾಹೇಬರು ಓಬುಳೇಸುವಿನ ಮುಖ ನೋಡಿದರು.

“ಶಿರಾದಿಂದ ಇಲ್ಲೀಗಂಟ ಉರಿದಿದ್ ಬೂದಿ ಎಲ್ಲಾ ಹೊಟ್ಟೇಲೇ ಕೂತೈತೆ. ಮ್ಯಾಲಿಂದ ಇದ್ಲು ಸುರಿದ್ರೆ ಹೆಂಗ್ ಹೊತ್ತುತ್ತೆ? ಒಲೆಗೆ ಕೆಳಗ್ ಗಾಳಿ ಆಡಬೇಕು ಕಣಪ್ಪ. ಅದೂ ಇಂಥ ದಪ್ಪ ದಪ್ಪ ಇದ್ಲು! ಲೇ ಪಾರ್ವತಿ, ಕೆಂಡ ಎಳಿಯೋ ಸಲಾಕೆ, ಊದ್ಗೊಳವೆ, ಎರಡೂ ತಗಂಬಾ.”

ನಾನು ತಂದೆ. ಬೀದಿಗಿಳಿದು, ಮಾವನವರ ಎದುರೇ ಹಾದು ತಂದೆ. ಆ ಹೊತ್ತಿನಲ್ಲಿ ಯಾರಿಗೂ ಅದು ತಪ್ಪೆಂದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಂಡಿಯಲ್ಲಿ ಸಲಾಕೆ ಹಾಕಿ, ಎರಡು ಮೊರದಷ್ಟು ಬೂದಿ ಎಳೆದರು. “ಪಾತ್ರೆ ಬೆಳಗಕ್ಕೆ ಆಯ್ತದೆ, ಎತ್ತಿಡು” ಎಂದು ನನಗೆ ಹೇಳುವುದನ್ನೂ ಮರೆಯಲಿಲ್ಲ. ನಾನು ಇದ್ದಿಲನ್ನು ಅಡಿಕೆಗಾತ್ರಕ್ಕೆ ಒಡೆದು ಕೊಟ್ಟೆ. ಹೊಸದಾಗಿ ಕಿಡಿ ಇಟ್ಟು, ಕಿಂಡಿಗೆ ಊದುಗೊಳವೆ ಇಟ್ಟು ಅತ್ತೆ ಉಸಿರು ಬಿಗಿಹಿಡಿದು ಊದಿದರು. ಮೂವತ್ತು ವರ್ಷ ಒಲೆ ಊದಿದ ಎದೆ ಅದು. ಒಳಗೆ ಚಿಟಚಿಟ ಅಂತು. ಕೆಂಪಗಾಯಿತು. “ಈಗ ತಿರುಗ್ಸಿ ನಿಮ್ ಬೀಸಣಿಗೆ” ಅಂದರು. ನಮ್ಮವರು ಫ್ಯಾನು ತಿರುಗಿಸಿದರು. ಕಾರು ಎರಡು ಸಲ ಸೀನಿತು, ಮೂರನೆಯ ಸಲ ಗಡಗಡನೆ ನಡುಗಿ, ಎದ್ದಿತು.

“ವಾಹ್ ಅಮ್ಮಾ! ಶಿರಾದಾಗೆ ನಂ ಮೆಕ್ಯಾನಿಕ್‌ಗಳಿಗೆ ನೀವೇ ಉಸ್ತಾದ್ ಆಗ್ಬೇಕು” ಎಂದರು ಸಾಹೇಬರು.

ಆದರೆ ಮಾವನವರು ಇನ್ನೂ ರುಮಾಲು ಸುತ್ತುತ್ತಲೇ ಇದ್ದರು. ಮುಖ ಗಂಟು ಹಾಕಿಕೊಂಡು, “ಎದ್ದಿದ್ದೇನೋ ಎದ್ತು. ನಮ್ಗೆ ಪೆಟ್ರೋಲಿಂದೇ ಇರ್ಲಿ ಸಾಹೇಬ್ರೇ” ಅಂದರು. ಮೊರದ ಬೂದಿ ಕೈಲಿ ಹಿಡಿದುಕೊಂಡು ನಿಂತಲ್ಲೇ ನಿಂತೆ.

ಅತ್ತೆ ಕೈ ಒರೆಸಿಕೊಂಡು ಗಂಡನ ಮುಂದೆ ಹೋಗಿ ನಿಂತರು. ದನಿ ಏರಿಸಲಿಲ್ಲ. “ನೋಡಿ, ಪೆಟ್ರೋಲಿಗೆ ಚೀಟಿ ಬೇಕು. ಆ ಚೀಟೀಲಿ ತಿಂಗ್ಳಿಗೆ ಒಂದೇ ಶನಿವಾರ ಈ ಹುಡುಗಿ ಮನೆಗ್ ಬರೋದು. ನೀವು ಹೇಳಿದ್ದು ನಾಕು ಶನಿವಾರ. ನಿಮ್ ಮಾತು ನಡೀಬೇಕು ಅಂದ್ರೆ ಇದೇ ಕಾರಾಗ್ಬೇಕು.” ಮಾವನವರು ಸುತ್ತುತ್ತಿದ್ದ ರುಮಾಲು ನಿಂತಿತು. ಅವರಿಗೆ ಈ ಲೆಕ್ಕ ಹೊಳೆದೇ ಇರಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. “ಒಲೆ ಹಚ್ಚಕ್ಕೆ ಅಂತ ನನ್ನೂ ತಂದ್ರಿ, ಇವಳ್ನೂ ತಂದ್ರಿ. ನಾನು ಒಲೆ ಮುಂದೆ ಕೂತು ಇಲ್ಲೇ ಮುದುಕಿ ಆದೆ. ಇವಳು ಒಲೆ ಹತ್ಕೊಂಡು ಪಾವಗಡಕ್ಕೆ ಹೋಗ್ತಾಳೆ. ಹೋಗ್ಲಿ ಬುಡಿ.”

ಬೀದಿಯಲ್ಲಿ ಕಾರು ಗಡಗಡ ಅನ್ನುತ್ತಲೇ ಇತ್ತು. ಮಾವನವರು ಒಂದು ಸಲ ಮಿರಮಿರ ಮಿಂಚುವ ಮದುವೆ ಗಂಡನ್ನು ನೋಡಿದರು, ಒಂದು ಸಲ ಮುಖವೆಲ್ಲ ಮಸಿಯಾದ ತಮ್ಮ ಹೆಂಡತಿಯನ್ನು ನೋಡಿದರು. ಎತ್ತರಿಸಿದ ತಲೆಬಾಗಿಲಿನಿಂದ ಒಳಗೆ ಹೋದರು. ಒಳಗಿನಿಂದ ಸ್ವಲ್ಪ ಹೊತ್ತಾದ ಮೇಲೆ ದನಿ ಬಂತು: “ಸಾಹೇಬ್ರೇ, ಆ ಹೊಗೆ ಗಾಡೀನೇ ಬುಟ್ಟು ಹೋಗಿ. ಆ ತೆಲುಗನ್ನೂ ಬುಟ್ಟು ಹೋಗಿ.” ಹೀಗೆ ಓಬುಳೇಸುವೂ ನಮ್ಮ ಮನೆಯವನಾದ.

ಆ ಕಾರು ಚೆನ್ನಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ದಿಬ್ಬ ಬಂದರೆ ಇಳಿದು ತಳ್ಳಬೇಕಿತ್ತು. ಮಿಡಿಗೇಶಿ ದಾಟಿದ ಮೇಲೆ ಎಲ್ಲೋ ಒಂದು ಕಡೆ ನಿಂತು ಬೂದಿ ಕೆದಕಲೇಬೇಕು. ನಾನು ಶಾಲೆಗೆ ಹೋದರೆ ಮಕ್ಕಳು ಮೂಗಿನ ಮೇಲಿನ ಮಸಿ ನೋಡಿಯೇ, ಇವತ್ತು ಸೋಮವಾರ ಎಂದು ತಿಳಿದುಕೊಳ್ಳುತ್ತಿದ್ದವು. ಆದರೆ ಯುದ್ಧ ಮುಗಿಯುವವರೆಗೆ ಅದು ನನಗೆ ಒಂದೇ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ನನ್ನ ಮೊಮ್ಮಗ ಇನ್ನೂ ಕಾರು ಕೊಂಡಿಲ್ಲ. ನಿನ್ನೆ ಊದುಗೊಳವೆ ಕೈಲಿ ಹಿಡಿದುಕೊಂಡು ಬಂದು, “ಸರಿ ಅಜ್ಜಿ, ನೀನೇ ಹೇಳು, ಯಾವ್ದು ತಗೊಳ್ಲಿ?” ಅಂದ. “ಇಂಜಿನ್ ಆಮೇಲೆ ನೋಡು. ನಿನ್ ಹೆಂಡ್ತಿ ಎಲ್ಲಿಗೆ ಹೋಗ್ಬೇಕು ಅಂತ ಕೇಳಿದ್ಯಾ?” ಅಂದೆ. ಕೇಳಿರಲಿಲ್ಲ. ಕೇಳಲು ಒಳಗೆ ಹೋಗಿದ್ದಾನೆ.

ನಾನು ಹೇಳಬೇಕೆಂದಿದ್ದದ್ದು ಮೊದಲ ಸೋಮವಾರದ ಮಾತು. ಬೆಳಿಗ್ಗೆ ನನ್ನ ಟ್ರಂಕು, ಚಟ್ನಿಪುಡಿಯ ಡಬ್ಬ, ರೊಟ್ಟಿ ಬುತ್ತಿ ಎಲ್ಲ ಇಟ್ಟಾಯಿತು. ಅತ್ತೆ ಕಾರಿನ ಹಣೆಗೂ ನನ್ನ ಹಣೆಗೂ ಒಂದೇ ಕೈಲಿ ವಿಭೂತಿ ಹಚ್ಚಿ, ತಮ್ಮ ಊದುಗೊಳವೆಯನ್ನು ನನ್ನ ತೊಡೆಯ ಮೇಲಿಟ್ಟರು, ದಾರಿಗೆ ಬೇಕಾಗುತ್ತದೆ ಅಂತ. ಮಾವನವರು ಜಗಲಿಯಿಂದ ಇಳಿದು ಬಂದು ಕಾರಿನ ಹಿಂದೆ ಸುಮ್ಮನೆ ನಿಂತಿದ್ದರು. ಆವತ್ತಿನಿಂದ ಮನೆಯಲ್ಲಿ ಯಾರೂ ಅವರೆದುರು ಆ ಶಬ್ದ ಎತ್ತಿರಲಿಲ್ಲ. ಓಬುಳೇಸು ಹಂಡೆಯ ಮುಚ್ಚಳ ತೆಗೆದ, ತೆಗೆದವನು ಅಭ್ಯಾಸಬಲದಿಂದ “ಬೊಗ್ಗು!” ಎಂದು ಕೂಗಿಬಿಟ್ಟ. ಕೂಗಿದ ಮೇಲೆ ಹಿಂದೆ ಯಾರಿದ್ದಾರೆಂದು ನೋಡಿ ನಾಲಿಗೆ ಕಚ್ಚಿಕೊಂಡ.

ಇದ್ದಿಲಿನ ಬುಟ್ಟಿ ಮಾವನವರ ಕಾಲ ಬಳಿಯೇ ಇತ್ತು. ನಾನು ಎತ್ತಿಕೊಡೋಣವೆಂದು ಇಳಿಯಹೋದೆ.

“ನೀನು ಕೂತ್ಕೊ ತಾಯಿ. ಮಕ್ಳ ಮುಂದೆ ನಿಲ್ಲೋಳು, ಸೀರೆ ಮಸಿ ಆಯ್ತದೆ” ಅಂದರು. ನನ್ನ ಜೊತೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು. ಆಮೇಲೆ ರುಮಾಲು ತೆಗೆದು ಅತ್ತೆಯ ಕೈಗೆ ಕೊಟ್ಟು, ಬುಟ್ಟಿಯ ಕಡೆ ತಿರುಗಿದರು. ಬೊಗ್ಗು ಅಂದರೆ ಏನೆಂದು ಅಷ್ಟು ಹೊತ್ತಿಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಗ್ಗಿದರು.